ಎಡಗಡೆ ಸ್ಟೇರಿಂಗಿನ ಕೆಂಪು ಕಪ್ಪಿ

೧೯೯೦ರ ಜೂನ್ ತಿಂಗಳು. ಸಂಶಿಯ ಹೈಸ್ಕೂಲಿಗೆ ಕನ್ನಡ ಟೀಚರ್ ಅಂತ ಆರ್ಡರ್ ಬಂದು ನನಗೆ ಎರಡೇ ದಿನವಾಗಿತ್ತು. ಕುಂದಗೋಳದ ಸ್ಟ್ಯಾಂಡಿನಲ್ಲಿ ಬಸ್ಸಿನ ದಾರಿ ಕಾಯುತ್ತ ನಿಂತಿದ್ದೆ. ನನ್ನ ಎದೆಯೆತ್ತರವೂ ಇಲ್ಲದ ಕೆಂಪು ಕಾರೊಂದು ಬಂದು ಎದುರಿಗೇ ನಿಂತಿತು. ಒಳಗೆ ಕಾಟನ್ ಸೀರೆ, ದಪ್ಪ ಚಸ್ಮಾದ ಒಬ್ಬ ಹೆಣ್ಣುಮಗಳು.

“ಹೊಸಾ ಕನ್ನಡ ಟೀಚರ್ ನೀವೇನು? ಹತ್ತ್ರಿ.”

ಫುಟ್‌ಪಾತಿನ ಕಡೆ ಬಾಗಿಲಿಗೆ ಕೈ ಹಾಕಿದರೆ ಅಲ್ಲಿ ಅವರೇ ಕುಂತಿದ್ದರು, ಸ್ಟೇರಿಂಗ್ ಹಿಡಿದುಕೊಂಡು. ನಕ್ಕರು.

“ಆ ಕಡೆಯಿಂದ ಬರ್ರಿ. ಇದು ಉಲ್ಟಾ ಗಾಡಿ.”

ಸುತ್ತು ಹಾಕಿ ಬಲಗಡೆ ಹೋಗಿ ಕುಂತೆ. ನೆಲಕ್ಕೆ ಚಾಪಿ ಹಾಸಿ ಕುಂತ ಹಾಗಾಯಿತು. ಸಂತೆಗೆ ಹೊರಟಿದ್ದ ಎತ್ತೊಂದು ಬಾಜುಕ್ಕೆ ಹಾದಾಗ ಅದರ ಮಾರಿ ಮತ್ತು ನನ್ನ ಮಾರಿ ಎದುರಾಬದುರಾದವು. ಸೀಟು ಎರಡೇ. ಹಿಂದೆ ಮಡಚಿಟ್ಟ ಅರಿವೆಯ ಟಾಪು. ಊರು ದಾಟಿದ ಮೇಲೆ ಮುಂದೆ ಒಂದು ಎತ್ತಿನ ಚಕ್ಕಡಿ ಸಿಕ್ಕಿತು. ಅವರು ವೇಗ ಇಳಿಸಿ ಕೇಳಿದರು:

“ಮುಂದ ಏನರೆ ಬರ್ಲಿಕ್ಕೆ ಹತ್ತದೇನು ನೋಡ್ರಿ. ನಾ ಈ ಮೂಲ್ಯಾಗ ಕೂತೀನಿ, ನನಗ ಕಾಣ್ಸೂದಿಲ್ಲ. ನಿಮಗ ಕಾಣ್ತದ.”

ಇಣುಕಿ ನೋಡಿದೆ. ರಸ್ತೆ ಖಾಲಿ. “ಏನೂ ಇಲ್ರಿ, ಹೋಗ್ರಿ,” ಅಂದೆ. ಕಾರು ಚಕ್ಕಡಿ ದಾಟಿತು. ಅವತ್ತಿನಿಂದ ಹದಿಮೂರು ವರ್ಷ ಅದು ನನ್ನ ಕೆಲಸವಾಯಿತು. ನರ್ಮದಾ ಅಕ್ಕಾರು ಸ್ಟೇರಿಂಗ್ ಹಿಡಿಯುವುದು, ನಾನು ರಸ್ತೆ ನೋಡಿ “ಹೋಗ್ರಿ” ಇಲ್ಲವೇ “ಬ್ಯಾಡ್ರಿ” ಅನ್ನುವುದು.

ಅವರು ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನನಗಿಂತ ಒಂಬತ್ತು ವರ್ಷ ದೊಡ್ಡವರು. ಒಂದೇ ವಾರದಲ್ಲಿ “ನೀವು” ಹೋಗಿ “ನೀ” ಬಂತು. ನಾನು ಮಾತ್ರ ಇವತ್ತಿಗೂ “ಅಕ್ಕಾರ” ಅಂತಲೇ ಕರೆಯುತ್ತೇನೆ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಅಂತ ಕೇಳುವಷ್ಟು ಸಲಿಗೆ ಇತ್ತು, ಆದರೆ ಕೇಳಬೇಕು ಅನ್ನಿಸಲಿಲ್ಲ. ಕಾರಿನ ಬಗ್ಗೆ ಮಾತ್ರ ಕೇಳಿದ್ದು ಬಹಳ.

ಆ ಕಾರು ಇಟಲಿಯ ಟ್ಯೂರಿನ್ ಊರಿನಲ್ಲಿ ೧೯೬೮ರಲ್ಲಿ ಆಗಿದ್ದು. ಫಿಯಾಟ್ ೮೫೦ ಸ್ಪೈಡರ್. ಹುಬ್ಬಳ್ಳಿಯ ಒಂದು ಗಿರಣಿಗೆ ಆಗ ಇಟಲಿಯಿಂದ ಯಂತ್ರ ಬಂದಿದ್ದವು. ಅವನ್ನು ಕೂಡಿಸಲು ಬಂದ ಇಂಜಿನಿಯರ್ ತನ್ನ ಕಾರನ್ನೂ ಹಡಗಿನಲ್ಲಿ ತರಿಸಿಕೊಂಡಿದ್ದ. ಅಕ್ಕಾರ ಅಪ್ಪ ಪ್ರಭಂಜನರಾಯರು ಅದೇ ಗಿರಣಿಯಲ್ಲಿ ಗುಮಾಸ್ತರು. ಸಾಹೇಬನಿಗೆ ವಿಷಮಜ್ವರ ಬಂದು ಮಲಗಿದಾಗ, ಇಪ್ಪತ್ತು ದಿನ ಕುಂದಗೋಳದಿಂದ ರೈಲಿನಲ್ಲಿ ಗಂಜಿ ಒಯ್ದು ಕುಡಿಸಿದವರು ಅವರು. ೧೯೭೪ರಲ್ಲಿ ಊರಿಗೆ ಹೊರಟ ಸಾಹೇಬ ಕಾರಿನ ಕೀಲಿಯನ್ನು ರಾಯರ ಕೈಯಲ್ಲಿಟ್ಟು ಹೋದ. ಕಾಗದ ಪತ್ರ ರಾಯರ ಹೆಸರಿಗೆ ಆಗಲು ಎರಡು ವರ್ಷ ಹಿಡಿಯಿತಂತೆ.

ತಮಾಷೆ ಅಂದರೆ ರಾಯರಿಗೆ ಸೈಕಲ್ಲೂ ಹೊಡೆಯಲು ಬರುತ್ತಿರಲಿಲ್ಲ. ದನದ ಕೊಟ್ಟಿಗೆಯ ಅರ್ಧ ಭಾಗ ತೆರವು ಮಾಡಿ ಕಾರು ನಿಲ್ಲಿಸಿದರು. ಆಯಿತವಾರ ಗಿರಣಿಗೆ ರಜೆ ಬಂತೆಂದರೆ ಹಳೆಯ ಧೋತರದ ತುಂಡಿನಿಂದ ಅದನ್ನು ಒರೆಸುವುದು, ಆಮೇಲೆ ಬಲಗಡೆ ಸೀಟಿನಲ್ಲಿ ಕುಂತು ಪೇಪರ್ ಓದುವುದು. ದೀಪದ ಕಣ್ಣು ಓರೆ, ಮೂತಿ ಚಪ್ಪಟೆ, ಥೇಟ್ ಕಪ್ಪೆ. ನೋಡಲು ಬಂದ ಓಣಿಯವರು ಅದಕ್ಕೆ “ಕೆಂಪು ಕಪ್ಪಿ” ಅಂತ ಹೆಸರಿಟ್ಟರು. ಇಂಜಿನ್ ನೋಡೋಣವೆಂದು ಮುಂದಿನ ಬಾಯಿ ತೆರೆದವರಿಗೆ ಅಲ್ಲಿ ಸ್ಟೆಪ್ನಿ ಟೈರು ಕಾಣುತ್ತಿತ್ತು. ಇಂಜಿನ್ ಇದ್ದದ್ದು ಹಿಂದೆ.

ಕಾರಿಗೆ ಜೀವ ಬಂದದ್ದು ಜಾಕೀರ್ ಮಿಸ್ತ್ರಿಯಿಂದ. ಲಾರಿ ಹೊಡೆಯುವುದು ಬಿಟ್ಟು ರೈಲ್ವೆ ಸ್ಟೇಶನ್ನಿನ ಹತ್ತಿರ ಗ್ಯಾರೇಜ್ ಹಾಕಿದ್ದ ಮನುಷ್ಯ. ವಾರಕ್ಕೊಮ್ಮೆ ಬಂದು ಇಂಜಿನ್ ಚಾಲೂ ಮಾಡಿ ಹೋಗುತ್ತಿದ್ದ. ಒಂದು ದಿನ ರಾಯರಿಗೆ ಅಂದನಂತೆ:

“ರಾಯರ, ಗಾಡಿ ಅಂದ್ರ ಓಡಬೇಕ್ರಿ. ನಿಂದ್ರಿಸಿದ್ರ ಕುದರಿನೂ ಕುಂಟ ಆಗತೈತಿ. ನಿಮಗ ಆಗೂದಿಲ್ಲಂದ್ರ ಮಗಳಿಗೆ ಕಲಸ್ತೀನಿ.”

ರಾಯರು ಮಗನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದರು. ಅಕ್ಕಾರಿಗೆ ಆಗ ಇಪ್ಪತ್ನಾಲ್ಕು. ಊರ ಹೊರಗಿನ ಬಯಲಿನಲ್ಲಿ ಒಂದು ತಿಂಗಳು ಕಲಿತರು. ರಾಯರು ಕೊಡೆ ಹಿಡಿದು ಒಡ್ಡಿನ ಮೇಲೆ ಕುಂತು ನೋಡುತ್ತಿದ್ದರು. ಗೇರ್ ಕಟಕಟ ಅಂದಾಗಲೆಲ್ಲ ತಮಗೇ ಹಲ್ಲು ನೋವು ಬಂದ ಹಾಗೆ ಮಾರಿ ಮಾಡುತ್ತಿದ್ದರಂತೆ.

ಕಾರಿನ ಜೊತೆ ಸಾಹೇಬ ಒಂದು ಪುಸ್ತಕವನ್ನೂ ಬಿಟ್ಟು ಹೋಗಿದ್ದ. ಎಲ್ಲಾ ಇಟಾಲಿಯನ್ ಭಾಷೆಯಲ್ಲೇ. ಅಕ್ಕಾರು ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯಿಂದ ಡಿಕ್ಷನರಿ ಹುಡುಕಿ ತಂದು, ಒಂದೊಂದೇ ಶಬ್ದ ಬಿಡಿಸಿ, ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ‘ಓಲಿಯೋ’ ಅಂದರೆ ಆಯಿಲ್. ‘ಫ್ರೇನೋ’ ಅಂದರೆ ಬ್ರೇಕು. ‘ಕಾಂದೇಲಾ’ ಅಂದರೆ ಸ್ಪಾರ್ಕ್ ಪ್ಲಗ್ಗು. ಇದನ್ನು ಕೇಳಿ ಜಾಕೀರ್ ಮಿಸ್ತ್ರಿ, “ಕಾಂದೇಲಾ ಅಂದ್ರ ನಮ್ಮ ಕಂದೀಲೇನ್ರಿ ಅಕ್ಕಾರ? ಹಂಗಂದ್ರ ಅವರೂ ನಮ್ಮ ಮಂದೀನ ಬಿಡ್ರಿ,” ಅಂದಿದ್ದ. ಮುಂದೆ ಅವನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿನ ಪ್ಲಗ್ಗಿಗೂ, ಮೋಟಾರ್ ಸೈಕಲ್ಲಿನ ಪ್ಲಗ್ಗಿಗೂ ಕಂದೀಲು ಅಂತಲೇ ಹೆಸರು ಉಳಿಯಿತು.

೧೯೮೮ರಲ್ಲಿ ರಾಯರು ತೀರಿಕೊಂಡರು. ಅಕ್ಕಾರ ಅಣ್ಣ ವಿಕ್ರಮ ಪುಣೆಯಲ್ಲಿ ನೌಕರಿ ಮಾಡುತ್ತಿದ್ದರು. ಹದಿಮೂರು ದಿನ ಮುಗಿದ ಮೇಲೆ ಹೊಲ, ಮನೆಯ ಮಾತು ಬಂತು. ಅಕ್ಕಾರು, “ನನಗ ಬ್ಯಾರೆ ಏನೂ ಬ್ಯಾಡ, ಕಾರು ಕೊಡು. ಇರೂ ತನಕಾ ಈ ಮನ್ಯಾಗ ಇರ್ಲಿಕ್ಕೆ ಬಿಡು,” ಅಂದರು. ವಿಕ್ರಮರು ಒಳ್ಳೆಯವರೇ. ಆದರೆ ಅವರಿಗೆ ಅರ್ಥವಾಗಲಿಲ್ಲ. “ಹುಚ್ಚಿ ಏನ ನೀ? ಹೊಲ ಬಿಟ್ಟು ತಗಡು ತೊಗೋತೀಯಾ?” ಅಂದರಂತೆ. ಹೊಲದಲ್ಲಿ ಪಾಲು ಬರೆಯಿಸಿಯೇ ಕೊಟ್ಟರು, ಕಾರನ್ನೂ ಬಿಟ್ಟರು. ಅದೇ ವರ್ಷದಿಂದ ಅಕ್ಕಾರು ಸಂಶಿಯ ಸಾಲಿಗೆ ಕಾರಿನಲ್ಲೇ ಹೋಗತೊಡಗಿದರು.

ಆ ಹದಿಮೂರು ವರ್ಷ ನೆನೆಸಿಕೊಂಡರೆ ಮೊದಲು ನನಗೆ ವಾಸನೆ ನೆನಪಾಗುತ್ತದೆ. ಬಿಸಿ ಆಯಿಲ್, ಹಳೆಯ ರೆಕ್ಸಿನ್ನು, ಅಕ್ಕಾರ ಡಬ್ಬಿಯೊಳಗಿನ ಒಗ್ಗರಣೆ ಅವಲಕ್ಕಿ. ಮಾಗಿಯ ಮುಂಜಾನೆ ಟಾಪು ತೆಗೆದು ಹೋಗುತ್ತಿದ್ದೆವು. ಎರಡೂ ಕಡೆ ಕಡಲೆ, ಜೋಳ. ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಿದ ಕಣ ಬಂದರೆ ಇಬ್ಬರೂ ಒಟ್ಟಿಗೇ ಸೀನುತ್ತಿದ್ದೆವು. ಸೀನಿದಾಗ ಅಕ್ಕಾರು ಒಂದು ಗಳಿಗೆ ಕಣ್ಣು ಮುಚ್ಚುತ್ತಾರಲ್ಲ ಅಂತ ನನಗೆ ಹೆದರಿಕೆ. ದೊಡ್ಡ ದೊಡ್ಡ ಗವಾಯಿಗಳು ಬಂದು ಹಾಡು ಕಲಿತ ಊರಿನವರು ನಾವು, ಆದರೆ ಇಬ್ಬರಿಗೂ ಹಾಡಲು ಬರುತ್ತಿರಲಿಲ್ಲ. ಅಕ್ಕಾರು ಇಂಜಿನ್ನಿನ ಸಪ್ಪಳ ಕೇಳುತ್ತಿದ್ದರು. “ಇವತ್ತ ಶ್ರುತಿ ಒಂಚೂರು ಇಳದದ, ಕಾಂದೇಲಾ ಒರಸಬೇಕು,” ಅನ್ನುತ್ತಿದ್ದರು.

ಮಳೆಗಾಲದಲ್ಲಿ ಫಜೀತಿ. ಎರೆ ಮಣ್ಣು ಒಮ್ಮೆ ತೊಯ್ದರೆ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ನೆಲಕ್ಕೆ ಹೊಟ್ಟೆ ತಾಗುವಂಥ ಕಾರನ್ನು ಬಿಡುತ್ತದೆಯೇ? ಒಂದು ಸಲ ಎದುರಿನ ಲಾರಿಗೆ ದಾರಿ ಬಿಡಲು ಕೆಳಗಿಳಿಸಿದ್ದೇ ತಡ, ನಾಲ್ಕೂ ಗಾಲಿ ಹೂತುಬಿಟ್ಟವು. ಹೊಲದಲ್ಲಿದ್ದ ಗಂಡಸರು ಬಂದರು. ಒಬ್ಬ ಎತ್ತು ಕಟ್ಟೋಣವೆಂದ. ಇನ್ನೊಬ್ಬ ಕಾರಿನ ಸುತ್ತ ತಿರುಗಿ ನೋಡಿ, “ಎತ್ತು ಯಾಕಲೇ, ಇದನ್ನ ಹೊತಗೊಂಡ ಹೋಗೂಣು,” ಅಂದ. ಎಂಟು ಮಂದಿ ಸೇರಿ ನಿಜವಾಗಿಯೂ ಅದನ್ನು ಎತ್ತಿ ರಸ್ತೆಯ ಮೇಲಿಟ್ಟರು. ಅಕ್ಕಾರು ಇಳಿದಿರಲಿಲ್ಲ. ಸ್ಟೇರಿಂಗ್ ಹಿಡಿದು, ಪಲ್ಲಕ್ಕಿಯಲ್ಲಿ ಕುಂತವರ ಹಾಗೆ, ಒಳಗೇ ಇದ್ದರು. ನಾನು ಕೆಳಗೆ ನಿಂತು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡೆ.

ಸಾಮಾನು ಸಿಗುವುದು ಕಷ್ಟ. ಪದ್ಮಿನಿ ಕಾರಿನವು ಕೆಲವು ಹೊಂದುತ್ತಿದ್ದವು, ಹೊಂದದವನ್ನು ಮಿಸ್ತ್ರಿ ಅರದಿಂದ ತಿಕ್ಕಿ ಹೊಂದಿಸುತ್ತಿದ್ದ. ತೆಗೆದ ಹಳೆಯ ಸಾಮಾನು ಒಂದನ್ನೂ ಅಕ್ಕಾರು ಒಗೆಯಲಿಲ್ಲ. ಒಂದೊಂದಕ್ಕೂ ಚೀಟಿ ಅಂಟಿಸಿ, ತಾರೀಖು ಬರೆದು, ಕೊಟ್ಟಿಗೆಯ ಗೂಡಿನಲ್ಲಿ ಸಾಲಾಗಿ ಇಟ್ಟರು. ನಮ್ಮವ್ವ ರೇಣುಕವ್ವ ಹಳೇ ಸೀರೆಗಳಿಂದ ಕಾರಿನ ಅಳತೆಗೆ ಒಂದು ಕೌದಿ ಹೊಲಿದು ಕೊಟ್ಟಳು. “ಕೂಸಿಗೆ ಥಂಡಿ ಹತ್ತೀತು,” ಅಂತ ಅವಳ ಚೇಷ್ಟೆ.

೨೦೦೩ರ ಜನವರಿಯಲ್ಲಿ ಅದು ಆಯಿತು.

ಬೆಳಿಗ್ಗೆ ಒಂಬತ್ತು ಗಂಟೆ. ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರು. ಎದುರಿಗೆ ಬಿಸಿಲು. ಗಾಳಿಗೆ ಬಿಚ್ಚಿದ ತುರುಬನ್ನು ನಾನು ಕಟ್ಟಿಕೊಳ್ಳುತ್ತಿದ್ದೆ, ಪಿನ್ನು ಹಲ್ಲಿನಲ್ಲಿತ್ತು. ಅಕ್ಕಾರು, “ನೋಡು,” ಅಂದರು. ನಾನು “ಹೋಗ್ರಿ” ಅಂದೆ. ನೋಡಿರಲಿಲ್ಲ. ದಿನಾ ಅನ್ನುವ ಮಾತು, ಬಾಯಿಗೆ ಬಂತು, ಅಂದೆ.

ಎದುರಿಗೆ ಟೆಂಪೋ ಬರುತ್ತಿತ್ತು. ಅಕ್ಕಾರು ಎಡಕ್ಕೆ ಎಳೆದರು, ಟೆಂಪೋದವನೂ ಕೆಳಗಿಳಿಸಿದ. ಆದರೂ ಕಾರಿನ ಬಲಗಡೆಯ ಮೂತಿ ಅದಕ್ಕೆ ಹೊಡೆಯಿತು. ನನ್ನ ಹೆಗಲಿನ ಎಲುಬು ಮುರಿಯಿತು, ಅಕ್ಕಾರ ಮುಂಗೈ ಮುರಿಯಿತು. ಟೆಂಪೋದವನಿಗೆ ಏನೂ ಆಗಲಿಲ್ಲ. ಕಾರಿನ ಬಲಗಡೆ ಮಡಗಾರ್ಡು ಕರಿದ ಹಪ್ಪಳದ ಹಾಗೆ ಸುರುಟಿ ಗಾಲಿಯೊಳಗೆ ಹೊಕ್ಕಿತ್ತು.

ದವಾಖಾನೆಗೆ ಪೊಲೀಸರು ಬಂದು ಕೇಳಿದಾಗ ಅಕ್ಕಾರು, “ನಂದ ತಪ್ಪು. ಬಿಸಲಿಗೆ ಕಾಣ್ಸಲಿಲ್ಲ,” ಅಂದರು. ನಾನು ಬಾಜು ಮಂಚದಲ್ಲಿ ಮಲಗಿ ಕೇಳಿದೆ. ಬಾಯಿ ಬಿಡಲಿಲ್ಲ.

ಕಾರನ್ನು ಎಳೆದು ತಂದು ಕೊಟ್ಟಿಗೆಯಲ್ಲಿ ಬಿಟ್ಟರು. ಮಿಸ್ತ್ರಿ ನೋಡಿದ, ಕುಂತ, ಎದ್ದ, ಮತ್ತೆ ನೋಡಿದ. “ಇಂಜಿನ್ನಿಗೆ ಏನೂ ಆಗಿಲ್ರಿ. ಆದ್ರ ಈ ಮಡಗಾರ್ಡ ಇಡೀ ಹಿಂದೂಸ್ತಾನದಾಗ ಸಿಗೂದಿಲ್ಲ. ಕೈಲೆ ಬಡದು ಮಾಡೂಣಂದ್ರ ಈ ಉಬ್ಬು ತಗ್ಗು ನನ್ನ ಅಂದಾಜಿಗೆ ಬರೂದಿಲ್ಲ,” ಅಂದ. ಪುಣೆಯಿಂದ ವಿಕ್ರಮರು ಫೋನ್ ಮಾಡಿ ಗುಜರಿಗೆ ಹಾಕೆಂದರು. ಅಕ್ಕಾರು ಕೌದಿ ಹೊದಿಸಿದರು, ಬಸ್ಸಿನಲ್ಲಿ ಸಾಲಿಗೆ ಹೋಗತೊಡಗಿದರು. ನಾನೂ ಅದೇ ಬಸ್ಸು. ಜಾಗ ಇದ್ದರೂ ಅವರ ಬಾಜು ಕುಂತುಕೊಳ್ಳಲಾರದೆ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಕಲಘಟಗಿಗೆ ವರ್ಗ ಮಾಡಿಸಿಕೊಂಡೆ. ಮನೆಯವರ ನೌಕರಿಗೆ ಅನುಕೂಲವೆಂದು ಎಲ್ಲರಿಗೂ ಹೇಳಿದೆ. ಓಡಿ ಹೋದದ್ದು ಅಂತ ನನಗೆ ಗೊತ್ತಿತ್ತು.

ಕಲಘಟಗಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲಿ ಶಿದ್ಲಿಂಗಪ್ಪ ಅಂತ ತೊಟ್ಟಿಲು ಮಾಡುವವರಿದ್ದರು. ಸಂಜೆ ಅವರ ಕಟ್ಟೆಯ ಮೇಲೆ ಕುಂತು ನೋಡುವುದು ನನಗೆ ರೂಢಿಯಾಯಿತು. ಒಂದು ದಿನ ಅವರು ತೊಟ್ಟಿಲಿನ ಗಿಳಿ ಕೆತ್ತುತ್ತಿದ್ದರು. ಎಡಗಡೆಯ ಗಿಳಿ ಮುಗಿದಿತ್ತು. ಅದನ್ನು ಎದುರಿಗಿಟ್ಟುಕೊಂಡು, ಕಡ್ಡಿಯಿಂದ ಅಳೆದು ಅಳೆದು ಬಲಗಡೆಯದನ್ನು ಕೆತ್ತುತ್ತಿದ್ದರು.

“ಇದರದಾ ಕನ್ನಡಿ ಗಿಳಿ ಆಗಬೇಕಲ್ರಿ ಟೀಚರ್,” ಅಂದರು. “ಆ ಕಡೆ ಮಾರಿ ಮಾಡಿದ್ದನ್ನ ಈ ಕಡೆ ತಿರುಗಸೂದು. ಅಳತಿ ಇದ್ರ ಏನೂ ಕಠಿಣ ಅಲ್ಲ.”

ನಾನು ಎದ್ದು ನಿಂತೆ. ಕಾರಿನ ಎಡಗಡೆಯ ಮಡಗಾರ್ಡು ಸರಿಯಾಗಿಯೇ ಇತ್ತಲ್ಲ.

ಮರುದಿನ ರಜೆ ಹಾಕಿ ಕುಂದಗೋಳಕ್ಕೆ ಹೋದೆ. ಅಕ್ಕಾರು ಕೊಟ್ಟಿಗೆಯಲ್ಲೇ ಇದ್ದರು, ಕಾರಿನ ಪಕ್ಕ ಮಣೆ ಹಾಕಿಕೊಂಡು ಪರೀಕ್ಷೆಯ ಪೇಪರ್ ತಿದ್ದುತ್ತ. ಬಸ್ಸಿನಲ್ಲಿ ಕುಂತು ಶಿದ್ಲಿಂಗಪ್ಪನ ಮಾತನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆ.

“ಅಕ್ಕಾರ, ಅವತ್ತ ನಾ ನೋಡಿರಲಿಲ್ರಿ. ನೋಡದನ ಹೋಗ್ರಿ ಅಂದೆ.”

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. “ಗೊತ್ತದ ನನಗ. ಬಾಯಾಗ ಪಿನ್ನಿತ್ತು ನಿಂದು. ಪಿನ್ನಿನ ದನಿ ನನಗ ತಿಳೀಲಿಲ್ಲೇನು?”

“ಹಂಗಂದ್ರ ಯಾಕ ಹೋದ್ರಿ?”

“ಹೆಂಗೂ ನೀ ಅಂದಿ, ಹೋದೆ. ಸ್ಟೇರಿಂಗ ಯಾರ ಕೈಯಾಗಿತ್ತು? ನನ್ನ ಕೈಯಾಗ. ಅದಕ್ಕ ನಂದ ತಪ್ಪಂತ ಬರಿಸಿದೆ. ಸುಳ್ಳ ಹೇಳಿಲ್ಲ ನಾ.” ತಿದ್ದಿದ ಪೇಪರುಗಳನ್ನು ಬಾಜು ಸರಿಸಿ ಅಂದರು: “ಕಾರಿನ ಮ್ಯಾಲೆ ಸಿಟ್ಟು ಬರಲಿಲ್ಲ, ನಿನ್ನ ಮ್ಯಾಲೂ ಬರಲಿಲ್ಲ. ಬಸ್ಸಿನ್ಯಾಗ ಹಿಂದ ಹೋಗಿ ನಿಂದರ್ತಿದ್ದಿ ನೋಡು, ಅದಕ್ಕ ಭಾಳ ಸಿಟ್ಟು ಬಂದಿತ್ತು.”

ನಾನು ಅತ್ತೆ. ಅವರು ಅಳಲಿಲ್ಲ. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಆಗ ನಾನು ಗಿಳಿಯ ಮಾತು ಹೇಳಿದೆ. ಅಕ್ಕಾರು ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಗ್ರಾಫ್ ಹಾಳೆ ಹುಡುಕಲು ಎದ್ದರು.

ಎರಡು ತಿಂಗಳು ಅಳೆದರು. ಎಡಗಡೆಯ ಮಡಗಾರ್ಡಿನ ಮೇಲೆ ಸೀಮೆಸುಣ್ಣದಿಂದ ಇಂಚಿಗೊಂದು ಗೆರೆ ಎಳೆದು, ಗೋಡೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅಂತ ಒಂದೊಂದು ಚುಕ್ಕೆಯ ಲೆಕ್ಕ. ಪ್ರತಿ ಗೆರೆಗೂ ಒಂದು ಹಾಳೆ. ಆಮೇಲೆ ಎಲ್ಲವನ್ನೂ ತಿರುವು ಹಾಕಿ ಬಲಗಡೆಗೆ ಬರೆದರು. ನಲವತ್ತೊಂದು ಹಾಳೆಯ ಆ ಕಟ್ಟನ್ನು ನಾನು ಕಲಘಟಗಿಗೆ ಒಯ್ದು ಕೊಟ್ಟೆ. ಶಿದ್ಲಿಂಗಪ್ಪ ಹಾಳೆಗಳನ್ನು ಹೊರಳಿಸಿ ಹೊರಳಿಸಿ ನೋಡಿ, “ಈ ಅಕ್ಕಾರು ತೊಟ್ಟಿಲಾ ಮಾಡಾಕ ಬಂದಿದ್ರ ನಮ್ಮ ಹೊಟ್ಟಿ ಮ್ಯಾಲೆ ಕಾಲ ಬರತಿತ್ತು,” ಅಂದರು. ಸಾಗವಾನಿ ಕಟ್ಟಿಗೆಯಲ್ಲಿ, ತೊಟ್ಟಿಲಿನ ಕೆಲಸದ ನಡುನಡುವೆ, ಮಡಗಾರ್ಡಿನ ಅಚ್ಚು ಕೆತ್ತಿದರು. ಐದು ತಿಂಗಳಾಯಿತು. ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ತಂದಾಗ ಕಂಡಕ್ಟರ್, “ಇದು ಯಾವ ದೇವರ್ರೀ?” ಅಂತ ಕೇಳಿದ.

ಜಾಕೀರ್ ಮಿಸ್ತ್ರಿ ಅಚ್ಚಿನ ಮೇಲೆ ತಗಡಿಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿಯತೊಡಗಿದ. ಮೊದಲನೆಯದು ಹರಿಯಿತು. ಎರಡನೆಯದು ಸೊಟ್ಟಾಯಿತು. ಮೂರನೆಯದು ಸರಿಯಾಗಿ ಕುಂತಿತು. ಹೆಂಡತಿ ಸುಗರಾಬಿಯನ್ನು ಮನೆಯಿಂದ ಕರೆಸಿ ತೋರಿಸಿದ. ಆಕೆ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು.

ಬಣ್ಣಕ್ಕೂ ಶಿದ್ಲಿಂಗಪ್ಪನೇ ಬರಬೇಕಾಯಿತು. ಅಂಗಡಿಯಿಂದ ತಂದ ಕೆಂಪು ಯಾವುದೂ ಕೂಡಿ ಬರುತ್ತಿರಲಿಲ್ಲ. ಅವರು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಂತು ಬಹಳ ಹೊತ್ತು ನೋಡಿದರು. “ಇದು ಬರೇ ಕೆಂಪಲ್ರೀ. ಒಳಗ ಹಳದಿ ಐತಿ. ಮೂವತ್ತು ವರ್ಷದ ಬಿಸಲೂ ಐತಿ,” ಅಂದರು. ಹನಿ ಹನಿಯಾಗಿ ಹಳದಿ ಬೆರೆಸುತ್ತ ಹೋದರು. ಎಲ್ಲಿಗೆ ನಿಲ್ಲಿಸಬೇಕೆಂದು ಅವರ ಕಣ್ಣಿಗೇ ಗೊತ್ತು. ಹೊಸದು ಯಾವುದು, ಹಳೆಯದು ಯಾವುದು ಅಂತ ಇವತ್ತು ನಾನೂ ಮುಟ್ಟಿ ನೋಡಿಯೇ ಹೇಳಬೇಕು.

೨೦೦೬ರ ದೀಪಾವಳಿ ಪಾಡ್ಯದ ದಿನ ಕಾರು ಹೊರಗೆ ಬಂತು. ಮರು ವರ್ಷ ನಾನು ಸಂಶಿಗೆ ತಿರುಗಿ ವರ್ಗವಾಗಿ ಬಂದೆ. ಅಕ್ಕಾರು ೨೦೧೫ರಲ್ಲಿ ರಿಟೈರ್ ಆಗುವ ತನಕ ಮತ್ತೆ ಇಬ್ಬರೂ ಕೂಡಿಯೇ ಹೋದೆವು.

ಈಗ ಅವರಿಗೆ ಎಪ್ಪತ್ತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಆಯಿತವಾರ ಮುಂಜಾನೆ ಮಾತ್ರ ಕಾರು ತೆಗೆಯುತ್ತಾರೆ. ಜಾಕೀರ್ ಮಿಸ್ತ್ರಿ ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಅವನ ಮಗ ಶಾಕೀರ್ ಗ್ಯಾರೇಜ್ ನಡೆಸುತ್ತಾನೆ. ಅವನಿಗೂ ಪ್ಲಗ್ಗಿಗೆ ಕಂದೀಲು ಅನ್ನದೆ ಬೇರೆ ಶಬ್ದ ಬರುವುದಿಲ್ಲ.

ಹೋದ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ಪ್ರದರ್ಶನ ಇಟ್ಟಿದ್ದರು. ಶಾಕೀರನೇ ಹಟ ಹಿಡಿದು ನಮ್ಮ ಹೆಸರು ಕೊಟ್ಟು ಬಂದಿದ್ದ. ಹೋದೆವು. ಒಂದಕ್ಕಿಂತ ಒಂದು ದೊಡ್ಡ ಕಾರು, ಅವುಗಳನ್ನು ಒರೆಸಲೆಂದೇ ಮಂದಿ. ನಮ್ಮ ಕಪ್ಪಿ ಒಂದು ಮೂಲೆಯಲ್ಲಿ. ಬೆಂಗಳೂರಿನಿಂದ ಬಂದ ಪರೀಕ್ಷಕ, ಚಿಕ್ಕ ವಯಸ್ಸಿನವನು, ಮೈಮೇಲೆ ಬೆರಳಾಡಿಸುತ್ತ ಬಂದು ಬಲಗಡೆಯ ಮಡಗಾರ್ಡಿನ ಹತ್ತಿರ ನಿಂತ. ಒಳಗೆ ಕೈ ಹಾಕಿ ನೋಡಿದ.

“ಮೇಡಂ, ಈ ಭಾಗ ಒರಿಜಿನಲ್ ಅಲ್ಲ ಅನ್ಸುತ್ತೆ. ಇಟಲಿದಲ್ಲ ಅಲ್ವಾ?”

“ಅಲ್ಲ,” ಅಂದರು ಅಕ್ಕಾರು. “ಕಲಘಟಗಿದು.”

ಅವನು ಬರೆಯುವುದು ಬಿಟ್ಟು ತಲೆ ಎತ್ತಿದ. ಅಕ್ಕಾರು ಹೇಳಲು ಶುರು ಮಾಡಿದರು: ಗ್ರಾಫ್ ಹಾಳೆ, ತೊಟ್ಟಿಲು, ಹರಿದ ಮೊದಲ ತಗಡು, ಎಲ್ಲಾ. ಪಾಪ, ಬೇರೆ ಕಾರು ನೋಡುವುದಿದ್ದರೂ ನಿಂತು ಕೇಳಿದ. ಕೊನೆಗೆ ಕೈ ಮುಗಿದು, “ನಿಯಮದ ಪ್ರಕಾರ ಅಂಕ ಕಡಿಮೆ ಮಾಡ್ಬೇಕಾಗತ್ತೆ ಮೇಡಂ,” ಅಂದ.

“ಮಾಡ್ರಿ. ನಾನೂ ಮೂವತ್ತನಾಲ್ಕು ವರ್ಷ ಪೇಪರ್ ತಿದ್ದೀನಿ,” ಅಂದರು ಅಕ್ಕಾರು.

ಬಹುಮಾನ ಬರಲಿಲ್ಲ. ಶಾಕೀರ್ ಮಾರಿ ಸಣ್ಣದು ಮಾಡಿಕೊಂಡು ಮೋಟಾರ್ ಸೈಕಲ್ ಹತ್ತಿ ಮುಂದೆ ಹೋದ. ನಾವಿಬ್ಬರೂ ದಾರಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಚಹಾ ಕುಡಿದೆವು. ಕುಂದಗೋಳ ಹತ್ತಿರ ಬಂದಾಗ ರೈಲ್ವೆ ಗೇಟ್ ಹಾಕಿತ್ತು. ಅಕ್ಕಾರು ಇಂಜಿನ್ ಬಂದ್ ಮಾಡಿದರು. ಸಂಜೆಯ ಬಿಸಿಲು ಓರೆಯಾಗಿ ಕಡಲೆ ಹೊಲದ ಮೇಲೆ ಬಿದ್ದಿತ್ತು. ರೈಲು ದಡದಡ ಹೋಯಿತು. ಕಿಟಕಿಯಲ್ಲಿದ್ದ ಒಂದಿಬ್ಬರು ನಮ್ಮ ಕಡೆ ಕೈ ಬೀಸಿದರು. ಆಮೇಲೆ ಗೇಟ್ ಎದ್ದಿತು.